ಗಡಿ ಸರಿದ ಊರಿನ ಊಟದ ಮನೆ

ಅಮೇರಿಕದಲ್ಲಿ ನೆಲಸಿದ ನಮ್ಮ ಕಡೆಯ ಮಕ್ಕಳು ರಜೆಯಲ್ಲಿ ಊರಿಗೆ ಬಂದಾಗ ಹೇಳುವ ಮಾತೊಂದಿದೆ. ಆ ದೇಶದಲ್ಲಿ ಹೊರಗೆ ಊಟಕ್ಕೆ ಹೋದರೆ ನಮ್ಮ ನಾಲಗೆಗೆ ಒಗ್ಗುವುದು ಮೆಕ್ಸಿಕನ್ನರ ಊಟವೇ. ಅದರಲ್ಲಿ ಖಾರವಿದೆ, ಜೀರಿಗೆಯಿದೆ, ರೊಟ್ಟಿಯಿದೆ, ಅನ್ನವಿದೆ ಎಂದು. ಆದರೆ ಅದೇ ಊಟವನ್ನು ಮೆಕ್ಸಿಕೋ ದೇಶದಿಂದ ಬಂದವರ ಎದುರು ಹೊಗಳಿದರೆ, "ಅದು ನಮ್ಮದಲ್ಲ, ಟೆಕ್ಸಾಸಿನವರದು" ಎಂಬ ಉತ್ತರ ಬರುವುದುಂಟು. ಹಾಗಾದರೆ ಅಪ್ಪಟ ಮೆಕ್ಸಿಕನ್ ಊಟ ಯಾವುದು? ಈ ಪ್ರಶ್ನೆಯ ಬೆನ್ನು ಹತ್ತಿದರೆ ಅದು ಅಡುಗೆಮನೆಯನ್ನು ದಾಟಿ ಗಡಿ, ಭಾಷೆ, ಶಾಲೆಗಳವರೆಗೂ ನಮ್ಮನ್ನು ಕರೆದೊಯ್ಯುತ್ತದೆ. ಗಡಿನಾಡಿನವರಾದ ನಮಗೆ ಅದು ಅಪರಿಚಿತ ದಾರಿಯಲ್ಲ.

ಟೆಕ್ಸಾಸ್ ರಾಜ್ಯದ ದಕ್ಷಿಣ ಭಾಗದಲ್ಲಿ ಸಾನ್ ಆಂಟೋನಿಯೋ ಎಂಬ ನಗರವಿದೆ. ಸ್ಪೇನಿನವರು 1718ರಲ್ಲಿ ಸ್ಥಾಪಿಸಿದ ಊರು. 1821ರಲ್ಲಿ ಮೆಕ್ಸಿಕೋ ಸ್ವತಂತ್ರವಾದಾಗ ಅದು ಮೆಕ್ಸಿಕೋದ ಊರಾಯಿತು. 1836ರಲ್ಲಿ ಟೆಕ್ಸಾಸ್ ಮೆಕ್ಸಿಕೋದಿಂದ ಬೇರ್ಪಟ್ಟಿತು. 1845ರಲ್ಲಿ ಅಮೇರಿಕದ ಸಂಯುಕ್ತ ಸಂಸ್ಥಾನಕ್ಕೆ ಸೇರಿತು. ಯುದ್ಧವೊಂದು ನಡೆದ ಮೇಲೆ 1848ರ ಒಪ್ಪಂದದಲ್ಲಿ ರಿಯೋ ಗ್ರಾಂಡೆ ನದಿಯೇ ಗಡಿಯೆಂದು ನಿಶ್ಚಯವಾಯಿತು. ಇಷ್ಟೆಲ್ಲ ಆಗುವಾಗ ಊರು ಇದ್ದಲ್ಲಿಯೇ ಇತ್ತು. ಮನೆ, ಹೊಲ, ಇಗರ್ಜಿ, ಒಲೆ ಒಂದೂ ಸ್ಥಳ ಬಿಟ್ಟು ಕದಲಲಿಲ್ಲ. ಗಡಿಯ ಗೆರೆ ಮಾತ್ರ ದಕ್ಷಿಣಕ್ಕೆ ಸರಿಯಿತು. 1956ರ ನವೆಂಬರ್ 1ರಂದು, ರಾತ್ರಿ ಬೆಳಗಾಗುವಷ್ಟರಲ್ಲಿ ದಕ್ಷಿಣ ಕನ್ನಡದಿಂದ ಕೇರಳಕ್ಕೆ ಸೇರಿಹೋದ ಕಾಸರಗೋಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ಊರಿನ ಮೆಕ್ಸಿಕನ್ ಊಟದ ಮನೆಯಲ್ಲಿ ಕುಳಿತರೆ, ಕೇಳುವ ಮೊದಲೇ ಮೇಜಿಗೆ ಬರುವುದು ಮುಸುಕಿನ ಜೋಳದ ರೊಟ್ಟಿಯನ್ನು ತುಂಡು ಮಾಡಿ ಎಣ್ಣೆಯಲ್ಲಿ ಕರಿದ ಗರಿಗರಿ ಚೂರುಗಳು. ಅದ್ದಿಕೊಳ್ಳಲು ಟೊಮೆಟೋ, ನೀರುಳ್ಳಿ, ಹಸಿಮೆಣಸು ಸೇರಿದ 'ಸಾಲ್ಸಾ'. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಒಂದು ಹಸಿ ಚಟ್ನಿ. ಅನಂತರ ಬರುವ ತಟ್ಟೆಯಲ್ಲಿ 'ಎಂಚಿಲಾಡ'. ಜೋಳದ ಮೆತ್ತನೆಯ ರೊಟ್ಟಿಯೊಳಗೆ ಗಿಣ್ಣನ್ನೋ ಮಾಂಸವನ್ನೋ ಇಟ್ಟು ಸುರುಳಿ ಸುತ್ತಿ, ಒಣಮೆಣಸು ಮತ್ತು ಜೀರಿಗೆಯ ದಪ್ಪ ಸಾರನ್ನು ಮೇಲೆ ಸುರಿದಿರುತ್ತಾರೆ. 'ಮೆಣಸು ಹಚ್ಚಿದ್ದು' ಎಂಬುದೇ ಆ ಹೆಸರಿನ ಅರ್ಥ. ಅದೇ ತಟ್ಟೆಯ ಒಂದು ಬದಿಗೆ ಕೆಂಪಗಿನ ಅನ್ನ, ಇನ್ನೊಂದು ಬದಿಗೆ ಬೇಯಿಸಿ ಜಜ್ಜಿದ ಕಾಳು. ಈ ಕಾಳನ್ನು ಹಂದಿಯ ಕೊಬ್ಬಿನಲ್ಲಿ ಬಾಡಿಸುವುದು ಹಳೆಯ ಪದ್ಧತಿಯಾದ್ದರಿಂದ ಸಸ್ಯಾಹಾರಿಗಳು ವಿಚಾರಿಸಿಯೇ ಕೈಹಾಕುವುದು ಒಳ್ಳೆಯದು.

ಈ ಊಟದ ಜೀವಾಳ 'ತೋರ್ತಿಯಾ' ಎಂಬ ರೊಟ್ಟಿ. ಜೋಳವನ್ನು ಸುಣ್ಣ ಕದಡಿದ ನೀರಿನಲ್ಲಿ ಕುದಿಸಿ, ರಾತ್ರಿಯಿಡೀ ನೆನೆಯಲು ಬಿಟ್ಟು, ಬೆಳಿಗ್ಗೆ ಸಿಪ್ಪೆ ಹೋಗುವಂತೆ ತೊಳೆದು ಕಲ್ಲಿನಲ್ಲಿ ಅರೆಯುತ್ತಾರೆ. ಮೆಕ್ಸಿಕೋದ ಮೂಲನಿವಾಸಿಗಳು ಸಾವಿರಾರು ವರ್ಷಗಳಿಂದ ನಡೆಸಿಕೊಂಡು ಬಂದ ಕ್ರಮವಿದು. ಸುಣ್ಣದ ಸಂಸ್ಕಾರದಿಂದ ಜೋಳದಲ್ಲಿ ಅಡಗಿದ ಒಂದು ಜೀವಸತ್ವ ಬಿಡುಗಡೆಯಾಗಿ ದೇಹಕ್ಕೆ ದಕ್ಕುತ್ತದೆ. ಜೋಳವನ್ನು ಮಾತ್ರ ಕೊಂಡೊಯ್ದು ಈ ಕ್ರಮವನ್ನು ಬಿಟ್ಟ ಇಟಲಿಯ ಬಡವರೂ ಅಮೇರಿಕದ ದಕ್ಷಿಣ ರಾಜ್ಯಗಳ ಬಡವರೂ ಪೆಲಾಗ್ರ ಎಂಬ ರೋಗಕ್ಕೆ ತುತ್ತಾದರು. ಅಜ್ಜಿಯಂದಿರು ಕಾರಣ ಹೇಳದೆ ಮಾಡಿಸುತ್ತಿದ್ದ ಕೆಲಸದಲ್ಲಿಯೂ ಎಷ್ಟೋ ಸಲ ತಿರುಳಿರುತ್ತದೆ ಎಂಬುದಕ್ಕೆ ಇದೊಂದು ನಿದರ್ಶನ.

ಕ್ರಿಸ್ಮಸ್ ಬಂತೆಂದರೆ ಸಾನ್ ಆಂಟೋನಿಯೋದ ಮನೆಗಳಲ್ಲಿ ಹೆಂಗಸರು, ಮಕ್ಕಳೆಲ್ಲ ಒಟ್ಟಿಗೆ ಕುಳಿತು 'ತಮಾಲೆ' ಕಟ್ಟುತ್ತಾರೆ. ಅರೆದ ಜೋಳದ ಹಿಟ್ಟನ್ನು ಜೋಳದ ತೆನೆಯ ಒಣ ಸಿಪ್ಪೆಗೆ ಬಳಿದು, ನಡುವೆ ಹೂರಣವಿಟ್ಟು, ಮಡಚಿ, ಹಬೆಯಲ್ಲಿ ಬೇಯಿಸುವ ತಿಂಡಿ. ಹಲಸಿನ ಎಲೆಯ ಕೊಟ್ಟಿಗೆಯನ್ನೂ ಅರಸಿನ ಎಲೆಯ ಕಡುಬನ್ನೂ ತಿಂದು ಬೆಳೆದ ನಮಗೆ ಆ ದೃಶ್ಯವನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ.

ಈ ಅಡುಗೆಯನ್ನು ಮೊದಲು ಬೀದಿಗೆ ತಂದವರು ಬಡ ಹೆಂಗಸರು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ, ಸಂಜೆಯಾಗುತ್ತಲೇ ಅವರು ನಗರದ ಚೌಕಗಳಿಗೆ ಬಂದು ಲಾಂದ್ರ ಹಚ್ಚಿ, ಮೆಣಸು ಹಾಕಿ ಬೇಯಿಸಿದ ಮಾಂಸದ ಸಾರನ್ನು ಮಾರುತ್ತಿದ್ದರು. ಪರವೂರಿನವರು ಅವರನ್ನು 'ಚಿಲಿ ರಾಣಿಯರು' ಎಂದು ಕರೆದು, ಹುಡುಕಿಕೊಂಡು ಬಂದು ತಿಂದರು. 1890ರ ದಶಕದಲ್ಲಿ ಜರ್ಮನ್ ಮೂಲದ ವಿಲಿಯಂ ಗೆಬ್‌ಹಾರ್ಟ್ ಎಂಬವರು ಅದೇ ರುಚಿಯ ಮೆಣಸಿನ ಪುಡಿಯನ್ನು ತಯಾರಿಸಿ ಮಾರುವ ಉದ್ಯಮ ಕಟ್ಟಿದರು. ಆದರೆ ಆ ಹೆಂಗಸರ ಗತಿ ಬೇರೆಯಾಯಿತು. ಒಂದು ಚೌಕದಿಂದ ಇನ್ನೊಂದಕ್ಕೆ ಅಟ್ಟಿಸಿಕೊಂಡು, 1930ರ ದಶಕದ ಕೊನೆಯ ವೇಳೆಗೆ ನಗರದ ಆರೋಗ್ಯ ನಿಯಮಗಳು ಬಿಗಿಯಾದಾಗ ಅವರು ಬೀದಿಯಿಂದಲೇ ಮರೆಯಾಗತೊಡಗಿದರು. 1977ರಲ್ಲಿ ಟೆಕ್ಸಾಸಿನ ಶಾಸನಸಭೆ ಅದೇ ಸಾರನ್ನು ರಾಜ್ಯದ ಅಧಿಕೃತ ಖಾದ್ಯವೆಂದು ಘೋಷಿಸಿತು.

ಮೆಕ್ಸಿಕನ್ನರ ಊಟದ ಮನೆಗಳು ಮಾತ್ರ ಉಳಿದುಕೊಂಡವು. ಅಲ್ಲಿನ ಮಾರುಕಟ್ಟೆಯಲ್ಲಿ 1941ರಲ್ಲಿ ಮೂರೇ ಮೂರು ಮೇಜುಗಳಿಂದ ಆರಂಭವಾದ ಒಂದು ಊಟದ ಮನೆ ಇಂದು ನಗರದ ಹೆಗ್ಗುರುತಾಗಿದೆ. ನಸುಕಿನಲ್ಲೇ ಮಾರುಕಟ್ಟೆಗೆ ಬರುತ್ತಿದ್ದ ರೈತರಿಗೂ ಕೆಲಸಗಾರರಿಗೂ ತೆರೆದ ಆ ಊಟದ ಮನೆಗೆ ಮಾಲಕರು ಇಟ್ಟ ಹೆಸರು 'ಮಿ ತಿಯೆರ್ರಾ'. ಸ್ಪ್ಯಾನಿಷ್ ಭಾಷೆಯಲ್ಲಿ ಹಾಗೆಂದರೆ 'ನನ್ನ ನಾಡು'.

ಈ ಊಟಕ್ಕೆ ಅವಮಾನ ಎರಡು ಕಡೆಯಿಂದಲೂ ಬಂತು. ಇಂಗ್ಲಿಷ್ ಮಾತಾಡುವವರಿಗೆ ಅದು ಪರಕೀಯರ ಊಟ. ಮೆಕ್ಸಿಕೋದವರಿಗೆ ಅದು ಕೆಟ್ಟುಹೋದ ಮೆಕ್ಸಿಕನ್ ಊಟ: ಜೀರಿಗೆ ಹೆಚ್ಚು, ಬಿಳಿ ಗಿಣ್ಣಿನ ಬದಲು ಹಳದಿ ಗಿಣ್ಣು. ಮೆಕ್ಸಿಕೋದಲ್ಲಿ ನೆಲಸಿದ್ದ ಇಂಗ್ಲಿಷ್ ಮಹಿಳೆ ಡಯಾನಾ ಕೆನಡಿ 1972ರಲ್ಲಿ ಆ ದೇಶದ ಅಡುಗೆಗಳ ಬಗ್ಗೆ ಹೆಸರುವಾಸಿಯಾದ ಗ್ರಂಥವೊಂದನ್ನು ಪ್ರಕಟಿಸಿದ ಮೇಲೆ, 'ಅಪ್ಪಟ ಮೆಕ್ಸಿಕನ್' ಬೇರೆ, 'ಟೆಕ್ಸ್-ಮೆಕ್ಸ್' ಬೇರೆ ಎಂಬ ವಿಂಗಡಣೆ ಗಟ್ಟಿಯಾಯಿತು. ಆದರೆ ಮೆಕ್ಸಿಕೋದ ಒಳಗೇ ಒಂದೊಂದು ಸೀಮೆಗೆ ಒಂದೊಂದು ಅಡುಗೆಯಿದೆ. ದಕ್ಷಿಣದಲ್ಲಿ ಜೋಳದ ರೊಟ್ಟಿಯಾದರೆ ಉತ್ತರದ ಸೊನೋರಾದಲ್ಲಿ ಗೋಧಿಯ ರೊಟ್ಟಿ ಪ್ರಸಿದ್ಧ. ಸಾನ್ ಆಂಟೋನಿಯೋದ್ದು ಗಡಿ ಸರಿದ ಸೀಮೆಯ ಅಡುಗೆ. ತಲೆತಲಾಂತರದಿಂದ ಅಲ್ಲಿಯೇ ಇದ್ದವರು ತಮ್ಮ ನೆಲದಲ್ಲಿ ಸಿಕ್ಕಿದ್ದರಲ್ಲಿ ಬೇಯಿಸಿಕೊಂಡ ಊಟ ಅಪ್ಪಟವಲ್ಲವೆಂದರೆ ಇನ್ನಾವುದು ಅಪ್ಪಟ? ಬೆಂಗಳೂರಿಗೆ ಹೋದಾಗ "ನೀವು ಮಲಯಾಳಿಗಳೇ? ಕನ್ನಡ ಚೆನ್ನಾಗಿ ಕಲಿತಿದ್ದೀರಿ" ಎಂಬ ಮೆಚ್ಚುಗೆಯನ್ನು ಕೇಳಿಸಿಕೊಂಡು ಬಂದ ನಮಗೆ ಈ ಪ್ರಶ್ನೆಯ ನೋವು ಚೆನ್ನಾಗಿ ಗೊತ್ತು.

ಕಾಲ ಕಳೆದಂತೆ ಮಾನ್ಯತೆಯೇನೋ ಬಂತು. 2010ರಲ್ಲಿ ಯುನೆಸ್ಕೋ ಸಂಸ್ಥೆ ಮೆಕ್ಸಿಕೋದ ಸಾಂಪ್ರದಾಯಿಕ ಅಡುಗೆಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. 2017ರಲ್ಲಿ ಅದೇ ಸಂಸ್ಥೆ ಸಾನ್ ಆಂಟೋನಿಯೋವನ್ನು ಪಾಕಕಲೆಯ ಸೃಜನಶೀಲ ನಗರವೆಂದು ಗೌರವಿಸಿತು.

ಆದರೆ ಊಟ ಗೆದ್ದ ಊರಿನಲ್ಲಿ ಮಾತು ಗೆಲ್ಲಲಿಲ್ಲ ಎಂಬುದೇ ಇಲ್ಲಿ ನಾವು ಗಮನಿಸಬೇಕಾದ ಸಂಗತಿ. ಟೆಕ್ಸಾಸಿನಲ್ಲಿ 1918ರ ಕಾನೂನಿನ ಪ್ರಕಾರ ಶಾಲೆಯಲ್ಲಿ ಇಂಗ್ಲಿಷಲ್ಲದ ಭಾಷೆಯಲ್ಲಿ ಪಾಠ ಹೇಳುವುದು ಶಿಕ್ಷಾರ್ಹ ಅಪರಾಧವಾಗಿತ್ತು. ಆಟದ ಬಯಲಿನಲ್ಲಿ ಸ್ಪ್ಯಾನಿಷ್ ಮಾತಾಡಿ ಸಿಕ್ಕಿಬಿದ್ದ ಮಕ್ಕಳಿಗೂ ಶಿಕ್ಷೆಯಾಗುತ್ತಿತ್ತು. 1968ರಲ್ಲಿ ಕೇಂದ್ರ ಸರಕಾರದ ದ್ವಿಭಾಷಾ ಶಿಕ್ಷಣದ ಕಾನೂನು, 1973ರಲ್ಲಿ ಟೆಕ್ಸಾಸಿನದೇ ಕಾನೂನು ಬಂದ ಮೇಲೆ ಬಾಗಿಲು ತೆರೆಯಿತು. ಅಷ್ಟರಲ್ಲಿ ಪೆಟ್ಟು ತಿಂದು ಬೆಳೆದ ತಲೆಮಾರು ತಂದೆತಾಯಂದಿರಾಗಿತ್ತು. ತಮ್ಮ ಕಷ್ಟ ಮಕ್ಕಳಿಗೆ ಬೇಡವೆಂದು ಅವರಲ್ಲಿ ಅನೇಕರು ಮನೆಯಲ್ಲಿಯೂ ಇಂಗ್ಲಿಷನ್ನೇ ಆಡಿದರು. ಇಂದು ಆ ಊರಿನಲ್ಲಿ ತಮಾಲೆ ಕಟ್ಟಲು ಬಲ್ಲ, ಆದರೆ ಅಜ್ಜಿಯೊಡನೆ ಅಜ್ಜಿಯ ಮಾತಿನಲ್ಲಿ ಹರಟಲಾರದ ಮೊಮ್ಮಕ್ಕಳು ಕಡಿಮೆಯಿಲ್ಲ.

ನಮ್ಮಲ್ಲಿ ಕಾನೂನು ಹಾಗಿಲ್ಲ. ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣಕ್ಕೆ ಸೌಕರ್ಯ ಒದಗಿಸಬೇಕೆಂದು ಸಂವಿಧಾನದ 350ಎ ವಿಧಿಯೇ ಹೇಳುತ್ತದೆ. ಆದರೂ ಕನ್ನಡ ಮಾಧ್ಯಮದ ತರಗತಿಗಳಲ್ಲಿ ಪಾಠ ಹೇಳುವ ನಮಗೆ ಹಾಜರಿ ಪುಸ್ತಕ ತೆರೆಯುವಾಗಲೆಲ್ಲ ಸಾನ್ ಆಂಟೋನಿಯೋದ ಕತೆ ನೆನಪಾಗುತ್ತದೆ. ಪತ್ರೊಡೆ, ತಂಬುಳಿ, ಕೊಟ್ಟಿಗೆಗಳು ನಮ್ಮ ಮನೆಗಳಲ್ಲಿ ಇನ್ನೂ ಇವೆ. ಬಹುಕಾಲ ಇದ್ದೇ ಇರುತ್ತವೆ. ಅವನ್ನು ಉಣ್ಣುವ ಮಕ್ಕಳಿಗೆ ಆ ಹೆಸರುಗಳನ್ನು ಕನ್ನಡದಲ್ಲಿ ಬರೆಯಲು ಬರುತ್ತದೆಯೇ?

ಮುಂದಿನ ಆದಿತ್ಯವಾರ ಮನೆಯಲ್ಲಿ ತಂಬುಳಿ ಮಾಡುವಾಗ ಮಗುವಿನ ಕೈಗೆ ಒಂದು ಪುಸ್ತಕ, ಪೆನ್ಸಿಲು ಕೊಡೋಣ. ಅಜ್ಜಿ ಹೇಳಲಿ, ಮೊಮ್ಮಗು ಬರೆಯಲಿ. ತಪ್ಪುಗಳಿದ್ದರೆ ಸೋಮವಾರ ಶಾಲೆಗೆ ತರಲಿ, ನಾವು ತಿದ್ದಿಕೊಡುತ್ತೇವೆ.