ನಾಣ್ಯ ಬೀಳದಂತೆ ಟ್ರಿಗರ್ ಒತ್ತು!

ಕಳೆದ ವರ್ಷದ ಮಾತು. ಕೊಪ್ಪಳದ ಲೈಬ್ರರಿಯಲ್ಲಿ ಪಿಎಸ್‌ಐ ಪರೀಕ್ಷೆಗೆ ಓದಿ, ಸಂಜೆ ರೂಮಿಗೆ ನಡೆದು ಹೊರಟಿದ್ದೆ. ಬೈಕಿನಲ್ಲಿ ಬಂದ ಇಬ್ಬರು ಮೂರು ತಿರುವು ದಾಟಿದರೂ ಬೆನ್ನು ಬಿಡಲಿಲ್ಲ. ಕಿರಾಣಿ ಅಂಗಡಿಯೊಂದಕ್ಕೆ ನುಗ್ಗಿ ನಿಂತ ಮೇಲೆ ಮುಂದೆ ಹೋದರು. ರೂಮಿಗೆ ಬಂದು, 'ಕೈಯಾಗ ಒಂದು ಪಿಸ್ತೂಲ್ ಇರಬೇಕಿತ್ತು ನೋಡು' ಅಂದೆ. ಗಂಗಾವತಿಯ ಗೆಳತಿ ಸುಮ್ಮನಿದ್ದಳು. ಕುಷ್ಟಗಿಯವಳು ಮಾತ್ರ, 'ಇದ್ದಿದ್ರ ಹೊಡ್ಯಾಕ ಬರತಿತ್ತೇನು ನಿನಗ?' ಎಂದು ಕೇಳಿಬಿಟ್ಟಳು.

ಬರುತ್ತಿರಲಿಲ್ಲ. ಡಿಗ್ರಿಯಲ್ಲಿದ್ದಾಗ ಎನ್‌ಸಿಸಿ ಕ್ಯಾಂಪಿನಲ್ಲಿ .22 ರೈಫಲ್ ಹಿಡಿದು ಐದು ಗುಂಡು ಹಾರಿಸಿದ್ದೆ. ಹಾಳೆಗೆ ತಾಗಿದ್ದು ಎರಡೇ. ಅದೂ ಮಲಗಿ, ರೈಫಲನ್ನು ಭುಜಕ್ಕೆ ಒತ್ತಿ ಹೊಡೆದದ್ದು. ಪಿಸ್ತೂಲಿಗೆ ಭುಜದ ಆಸರೆಯೂ ಇಲ್ಲ.

ಆ ಪ್ರಶ್ನೆ ತಲೆಯಲ್ಲಿ ಉಳಿಯಿತು. ರಜೆಯಲ್ಲಿ ಹುಬ್ಬಳ್ಳಿಯ ದೊಡ್ಡಪ್ಪನ ಮನೆಯಲ್ಲಿದ್ದು, ಒಂದು ತಿಂಗಳು ಏರ್ ಪಿಸ್ತೂಲ್ ತರಗತಿಗೆ ಸೇರಿದೆ. ಯಲಬುರ್ಗಾದ ಹಳ್ಳಿಯಿಂದ ಅಪ್ಪ ಫೋನ್ ಮಾಡಿ, 'ನಮಗ್ಯಾಕವ್ವಾ ಬಂದೂಕಿನ ಸಹವಾಸ?' ಅಂದರು.

ಮೊದಲ ವಾರ ಒಂದು ಪೆಲೆಟ್ಟನ್ನೂ ಕೈಗೆ ಕೊಡಲಿಲ್ಲ. ನಿಯಮಗಳನ್ನಷ್ಟೇ ಬಾಯಿಪಾಠ ಮಾಡಿಸಿದರು. ಪಿಸ್ತೂಲು ಖಾಲಿ ಇದ್ದರೂ ತುಂಬಿದೆ ಎಂದೇ ತಿಳಿಯಬೇಕು. ನಳಿಗೆಯನ್ನು ಯಾರತ್ತಲೂ ತಿರುಗಿಸಬಾರದು. ಗುರಿ ಹಿಡಿಯುವವರೆಗೆ ಬೆರಳು ಟ್ರಿಗರ್ ಮುಟ್ಟಬಾರದು. ಗುರಿಯ ಹಿಂದೆ ಏನಿದೆ ಎಂಬುದು ಗೊತ್ತಿರಬೇಕು. ಆಮೇಲೆ ಖಾಲಿ ಪಿಸ್ತೂಲಿನ ತುದಿಯ ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟು, 'ಇದು ಬೀಳದ ಹಾಗೆ ಟ್ರಿಗರ್ ಒತ್ತು' ಎಂದರು ಕೋಚ್. ಹತ್ತು ಸಲ ಒತ್ತಿದೆ, ಒಂಬತ್ತು ಸಲ ನಾಣ್ಯ ಬಿತ್ತು!

ತಪ್ಪು ಕಣ್ಣಿನದಲ್ಲ, ಬೆರಳಿನದು. ಸದ್ದಾಗುತ್ತದೆ, ಕೈ ಅದುರುತ್ತದೆ ಎಂದು ಮನಸ್ಸು ಮೊದಲೇ ಹೆದರುತ್ತದೆ. ಬೆರಳು ಟ್ರಿಗರನ್ನು ಥಟ್ಟನೆ ಎಳೆಯುತ್ತದೆ, ಮಣಿಕಟ್ಟು ಕುಸಿಯುತ್ತದೆ. ಬಲಗೈಯವರ ಗುಂಡು ಹೆಚ್ಚಾಗಿ ಗುರಿಯ ಕೆಳಗೆ, ಎಡಕ್ಕೆ ಬೀಳುವುದು ಇದರಿಂದಲೇ. ಪೊಲೀಸ್ ತರಬೇತಿಯಲ್ಲಿ ಇದಕ್ಕೊಂದು ಉಪಾಯವಿದೆ: ಮ್ಯಾಗಜೀನಿನಲ್ಲಿ ನಿಜವಾದ ಗುಂಡುಗಳ ನಡುವೆ ಡಮ್ಮಿ ಗುಂಡು ಸೇರಿಸಿಬಿಡುವುದು. ಡಮ್ಮಿ ಬಂದಾಗ ಸದ್ದಿಲ್ಲ. ಆದರೂ ನಳಿಗೆ ಕೆಳಗೆ ಬಾಗಿದರೆ ಹೆದರಿಕೆ ಎಲ್ಲಿದೆ ಎಂಬುದು ಹೊಡೆಯುವವನಿಗೇ ಕಾಣುತ್ತದೆ. ನೋಟಕ್ಕೂ ಒಂದು ಪಾಠವಿದೆ. ಗುರಿ ಮಸುಕಾಗಿ ಕಂಡರೂ ಸರಿ, ಕಣ್ಣು ನಳಿಗೆಯ ತುದಿಯ ಗುರುತಿನ ಮೇಲೇ ನಿಲ್ಲಬೇಕು.

10 ಮೀಟರ್ ಏರ್ ಪಿಸ್ತೂಲ್ ಸ್ಪರ್ಧೆಯಲ್ಲಿ ಹತ್ತು ಅಂಕದ ವೃತ್ತದ ಅಗಲ 11.5 ಮಿ.ಮೀ., ಅಂದರೆ ಆ ನಾಣ್ಯದ ಸುಮಾರು ಅರ್ಧ. ಅರ್ಹತಾ ಸುತ್ತಿನಲ್ಲಿ ಒಂದೇ ಕೈಯಲ್ಲಿ 60 ಸಲ ಹೊಡೆಯಬೇಕು. ಬೆಂಗಳೂರಿನ ಪ್ರಕಾಶ್ ನಂಜಪ್ಪ ಅವರಿಗೆ 2013ರಲ್ಲಿ ಮುಖದ ಒಂದು ಬದಿಗೆ ಪಾರ್ಶ್ವವಾಯು ಬಡಿದಿತ್ತು. ಮರುವರ್ಷವೇ ಅವರು ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದ ಈ ಸ್ಪರ್ಧೆಯಲ್ಲಿ ಬೆಳ್ಳಿ ಗೆದ್ದರು. ನಮ್ಮ ರಾಜ್ಯದವರೇ ಆದ ದಿವ್ಯಾ ಟಿ.ಎಸ್. 2023ರಲ್ಲಿ ಬಾಕು ವಿಶ್ವಕಪ್‌ನ ಮಿಶ್ರ ತಂಡ ವಿಭಾಗದಲ್ಲಿ ಸರಬ್ಜೋತ್ ಸಿಂಗ್ ಜೊತೆ ಚಿನ್ನ ಗೆದ್ದರು.

ತಿಂಗಳ ಕೊನೆಗೆ ನನ್ನ ಪೆಲೆಟ್‌ಗಳು ಹಾಳೆಯ ಮೇಲೆ ಒಂದು ಕಡೆ ಗುಂಪಾಗತೊಡಗಿದವು. ಜೊತೆಗೆ ಇನ್ನೊಂದು ಸತ್ಯವೂ ತಿಳಿಯಿತು. ಶಾಂತವಾದ ಕೋಣೆಯಲ್ಲಿ, ಕದಲದ ಹಾಳೆಗೆ ಹೊಡೆಯಲು ನನಗೆ ಒಂದು ತಿಂಗಳು ಬೇಕಾಯಿತು. ಎದೆ ಡವಗುಟ್ಟುತ್ತಿದ್ದ ಆ ಸಂಜೆ ಪಿಸ್ತೂಲು ಕೈಯಲ್ಲಿದ್ದರೆ ಗುಂಡು ಯಾರಿಗೆ ತಾಗುತ್ತಿತ್ತೋ! ನನಗೆ ಆಸರೆ ಕೊಟ್ಟ ಅಂಗಡಿಯವರೂ ಅಲ್ಲೇ ಇದ್ದರಲ್ಲ?

ಕಾನೂನೂ ಇದನ್ನೇ ಹೇಳುತ್ತದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಪಿಸ್ತೂಲು ಇಟ್ಟುಕೊಳ್ಳುವುದು ಅಪರಾಧ. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಸೆಕ್ಷನ್‌ಗಳು ಆತ್ಮರಕ್ಷಣೆಯ ಹಕ್ಕು ಕೊಡುತ್ತವೆ. ಆದರೆ ರಕ್ಷಣೆಗೆ ಬೇಕಾದುದಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ. ಹಿಂಬಾಲಿಸಿದವರಿಗೆ ಗುಂಡು ಉತ್ತರವಲ್ಲ. ಬೆಳಕಿರುವ ಅಂಗಡಿ, 112ಕ್ಕೆ ಒಂದು ಕರೆ, ಬೈಕಿನ ನಂಬರ್ ನೆನಪಿಡುವಷ್ಟು ತಣ್ಣಗಿನ ತಲೆ, ಇವೇ ಉತ್ತರ. ಅಂದು ನಾನು ನಂಬರ್ ನೋಡಿರಲೇ ಇಲ್ಲ.

ಹಾಗಾದರೆ ಕಲಿತದ್ದು ವ್ಯರ್ಥವೇ? ಅಲ್ಲ. ಖಾಕಿ ತೊಟ್ಟರೆ ನಾಳೆ ನನ್ನ ಸೊಂಟದಲ್ಲೂ ಪಿಸ್ತೂಲು ಇರುತ್ತದೆ. ಎರಡೂ ಕೈಯಲ್ಲಿ ಹಿಡಿದು, ಹೋಲ್‌ಸ್ಟರ್‌ನಿಂದ ತೆಗೆದು, ಗಡಿಯಾರದ ಎದುರು ಹೊಡೆಯುವುದನ್ನು ಅಲ್ಲಿ ಕಲಿಸುತ್ತಾರೆ. ಅದಕ್ಕೆ ಬೇಕಾದ ಸ್ಥಿರತೆಯನ್ನು ಇಂದೇ ಕಲಿಯಬಹುದು. ರೇಂಜ್ ದೂರವಿದೆ ಎಂದು ಕೊರಗಬೇಕಿಲ್ಲ. ಎನ್‌ಸಿಸಿ ಇದೆ. ಜಿಲ್ಲಾ ಪೊಲೀಸರು ಆಗಾಗ ನಡೆಸುವ ನಾಗರಿಕ ಬಂದೂಕು ತರಬೇತಿಯ ಪ್ರಕಟಣೆಗಳ ಮೇಲೂ ಕಣ್ಣಿಡಿ.

ಮನೆಯಲ್ಲಿ ನನ್ನ ಅಭ್ಯಾಸ ಒಂದು ಲೀಟರ್ ನೀರಿನ ಬಾಟಲಿಯಿಂದ. ಏರ್ ಪಿಸ್ತೂಲಿನ ತೂಕವೂ ಹೆಚ್ಚುಕಡಿಮೆ ಅಷ್ಟೇ. ಬಾಟಲಿಯ ಮೇಲೆ ನಾಣ್ಯ ಇಟ್ಟು, ಕೈ ಚಾಚಿ, ತೋರುಬೆರಳನ್ನು ಮೆಲ್ಲಗೆ ಮಡಚುತ್ತೇನೆ. ಮೊನ್ನೆ ಕೂರಿಗೆ ಕೆಲಸ ಮುಗಿಸಿ ಬಂದ ಅಪ್ಪ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ನಾಣ್ಯ ಬೀಳಲಿಲ್ಲ. 'ಕೈ ಕುಂತೈತಿ ಬಿಡವ್ವಾ' ಅಂದರು. ಬಂದೂಕಿನ ಮಾತನ್ನು ಮತ್ತೆ ಎತ್ತಲಿಲ್ಲ.