ಗೂಡ್ಸ್ ಆಟೊ ಯಾಕೆ ಪಲ್ಟಿ ಹೊಡೆಯುತ್ತೆ? ಲೋಡ್ ಮಾಡಿಸೋ ಅಂಗಡಿಯವರೂ ತಿಳ್ಕೊಳ್ಳಿ

ಮೈಸೂರು: ಬಂಡಿಪಾಳ್ಯದ ಎಪಿಎಂಸಿ ಕಡೆಯಿಂದ ಬರೋ ಗೂಡ್ಸ್ ಆಟೊಗಳನ್ನ ನೋಡಿರ್ತೀರಿ. ಮೂಟೆ ಮೇಲೆ ಮೂಟೆ, ಅದರ ಮೇಲೊಬ್ಬ ಲೋಡಿಂಗ್ ಹುಡುಗ. ಗಾಡಿ ಮಗುಚಿದ್ರೆ 'ಡ್ರೈವರ್ ಜೋರಾಗಿ ಬಂದ' ಅಂತೀವಿ. ಆದರೆ ಎಷ್ಟೋ ಸಲ ತಪ್ಪು ಶುರುವಾಗೋದು ಲೋಡ್ ಮಾಡಿದ ಜಾಗದಲ್ಲೇ.

ಬೈಕೂ ಅಲ್ಲ, ಕಾರೂ ಅಲ್ಲ

ಆಟೊಗೂ ಬೈಕಿನ ಥರ ಹ್ಯಾಂಡಲ್ ಇದೆ. ಆದರೆ ತಿರುವಿನಲ್ಲಿ ಬೈಕನ್ನ ಒಳಗಡೆಗೆ ವಾಲಿಸಬಹುದು, ಆಟೊನ ಆಗಲ್ಲ. ಕಾರಿಗೆ ನಾಲ್ಕು ಮೂಲೆಗೂ ಚಕ್ರ ಇದೆ. ಆಟೊದ ಮೂರು ಚಕ್ರಕ್ಕೆ ಗೆರೆ ಎಳೆದರೆ ಸಿಗೋದು ತ್ರಿಕೋನ: ಹಿಂದೆ ಅಗಲ, ಮುಂದೆ ಚೂಪು.

ತಿರುವಿನಲ್ಲೇ ಬ್ರೇಕ್ ಒತ್ತಿದರೆ ಭಾರ ಮುಂದಕ್ಕೂ ಹೋಗುತ್ತೆ, ಹೊರಗಡೆಗೂ ತಳ್ಳುತ್ತೆ. ಆ ಮೂಲೆಯಲ್ಲಿ ತಡೆಯೋಕೆ ಚಕ್ರವೇ ಇಲ್ಲ. ಒಳಗಿನ ಹಿಂಚಕ್ರ ಮೇಲೆದ್ದರೆ ಗಾಡಿ ಪಕ್ಕಕ್ಕೆ ಬೀಳೋಕೆ ಹೊತ್ತು ಬೇಕಿಲ್ಲ.

ಸರ್ಕಲ್‌ಗಳಲ್ಲಿ ಹುಷಾರು

ನಮ್ಮೂರಲ್ಲಿ ಹಾರ್ಡಿಂಜ್ ಸರ್ಕಲ್, ಕೆ.ಆರ್. ಸರ್ಕಲ್ ಥರ ದೊಡ್ಡ ಸರ್ಕಲ್‌ಗಳು ಜಾಸ್ತಿ. ಒಳಗೆ ಬರುವಾಗ ಹ್ಯಾಂಡಲ್ ಎಡಕ್ಕೆ, ಕೂಡಲೇ ಬಲಕ್ಕೆ. ಎತ್ತರದ ಲೋಡ್ ಅಷ್ಟರಲ್ಲಿ ಎರಡು ಸಲ ಓಲಾಡುತ್ತೆ. ಅದೇ ತಿರುವನ್ನ 20 ಕಿ.ಮೀ. ಬದಲು 40 ಕಿ.ಮೀ. ವೇಗದಲ್ಲಿ ತಗೊಂಡ್ರೆ ಹೊರಗೆ ತಳ್ಳೋ ಬಲ ಎರಡು ಪಟ್ಟಲ್ಲ, ನಾಲ್ಕು ಪಟ್ಟು.

ಗುಂಡಿ ವಿಷಯನೂ ಅಷ್ಟೇ. ರಸ್ತೆ ಮಧ್ಯದ ಗುಂಡಿಯನ್ನ ಕಾರು ಎರಡು ಚಕ್ರದ ನಡುವೆ ಬಿಟ್ಟು ದಾಟುತ್ತೆ. ಆಟೊದ ಮುಂಚಕ್ರ ನೇರ ಅದರೊಳಗೇ ಇಳಿಯುತ್ತೆ.

ಲೋಡ್ ಹೇಗಿರಬೇಕು?

* ಭಾರದ ಮೂಟೆ ತಳದಲ್ಲಿ, ಹಗುರದ್ದು ಮೇಲೆ. ಎಡ-ಬಲ ಸಮ ಇರಲಿ.
* ಬಾಗಿಲ ಕಡೆ, ತೀರಾ ಹಿಂದಕ್ಕೆ ಭಾರ ಹಾಕಬೇಡಿ. ಮುಂಚಕ್ರ ಹಗುರಾದರೆ ಹ್ಯಾಂಡಲ್ ತಿರುಗಿಸಿದ್ರೂ ಗಾಡಿ ಸರಿಯಾಗಿ ತಿರುಗಲ್ಲ. ಏರು ರಸ್ತೆಯಲ್ಲಿ ಇದು ಇನ್ನೂ ಜಾಸ್ತಿ.
* ಮೂಟೆ ಜಾರದ ಹಾಗೆ ಹಗ್ಗ ಬಿಗಿಯಾಗಿ ಕಟ್ಟಿ.
* ಲೋಡ್ ಮೇಲಾಗಲಿ, ಡ್ರೈವರ್ ಪಕ್ಕ ಒತ್ತರಿಸಿಯಾಗಲಿ ಯಾರನ್ನೂ ಕೂರಿಸಬೇಡಿ.
* ಡ್ರೈವರ್‌ಗಳು ತಿರುವಿಗೆ ಮೊದಲೇ ಬ್ರೇಕ್ ಹಾಕಿ ನಿಧಾನ ಮಾಡಬೇಕು. ಹಂಪ್ ಅಂಚಿನಲ್ಲಿ ಒಂದೇ ಚಕ್ರ ಹತ್ತಿಸದೆ ನೇರ ದಾಟಬೇಕು. ಹಿಂದಿನ ಎರಡು ಟೈರಿನ ಗಾಳಿ ಸಮ ಇರಬೇಕು.

ಎಷ್ಟು ಮೂಟೆ?

ಆರ್‌ಸಿಯಲ್ಲಿ ಖಾಲಿ ಗಾಡಿ ತೂಕ, ಲೋಡ್ ಸಮೇತ ತೂಕ ಎರಡೂ ಇರುತ್ತೆ. ಅದರ ವ್ಯತ್ಯಾಸವೇ ಡ್ರೈವರ್ ಸೇರಿ ಹೊರಬಹುದಾದ ಭಾರ. ಉದಾಹರಣೆಗೆ ವ್ಯತ್ಯಾಸ 550 ಕೆ.ಜಿ. ಇದ್ದು, ಡ್ರೈವರ್ 70 ಕೆ.ಜಿ. ಇದ್ದರೆ ಉಳಿಯೋದು 480. ಅಂದ್ರೆ 50 ಕೆ.ಜಿ.ಯ 9 ಮೂಟೆ, ಅಷ್ಟೇ.

'ಎರಡು ಟ್ರಿಪ್ ಯಾಕೆ, ಒಂದರಲ್ಲೇ ಹಾಕು' ಅಂತ ಅಂಗಡಿಯವರು ಅಂದ್ರೆ, ಬಾಡಿಗೆ ಕೈತಪ್ಪುತ್ತೆ ಅನ್ನೋ ಭಯಕ್ಕೆ ಡ್ರೈವರ್ ಬೇಡ ಅನ್ನಲ್ಲ. ಗಾಡಿ ಮಗುಚಿದ್ರೆ ಕೆಳಗೆ ಸಿಕ್ಕಿಕೊಳ್ಳೋದು ಅವನು, ಇಲ್ಲಾ ಮೂಟೆ ಮೇಲೆ ಕೂತ ಹುಡುಗ. ಹತ್ತನೇ ಮೂಟೆ ಎರಡನೇ ಟ್ರಿಪ್‌ನಲ್ಲಿ ಬರಲಿ.