ಗಡ್ಡೆಗೆ ಗೆರೆ ಎಳೆಯುವ ಗಣಕ

ಬೀದರ, ಭಾಲ್ಕಿ, ಔರಾದ ಕಡೆಯ ಹೆಣ್ಣುಮಕ್ಕಳು ಸ್ತನ ಕ್ಯಾನ್ಸರಿನ ಚಿಕಿತ್ಸೆಗೆ ಹೆಚ್ಚಾಗಿ ಹೈದರಾಬಾದಿಗೆ ಹೋಗುತ್ತಾರೆ, ಇಲ್ಲವೇ ಕಲಬುರಗಿಯ ಕಿದ್ವಾಯಿ ಕೇಂದ್ರಕ್ಕೆ. ಗಡ್ಡೆ ದೊಡ್ಡದಿದ್ದರೆ ವೈದ್ಯರು ಕೂಡಲೇ ಆಪರೇಷನ್ ಮಾಡುವುದಿಲ್ಲ, ಮೊದಲು ಕೀಮೋ ಕೊಟ್ಟು ಕುಗ್ಗಿಸುವುದುಂಟು. ಎಷ್ಟು ಕುಗ್ಗಿತು ಎಂದು ತಿಳಿಯಲು ಗಡ್ಡೆ ಎಲ್ಲಿ ಮುಗಿಯುತ್ತದೆ ಎಂಬುದು ಗೊತ್ತಾಗಬೇಕು. 3 ಸೆಂ.ಮೀ. ಅಡ್ಡಳತೆಯ ದುಂಡನೆಯ ಗಡ್ಡೆಯನ್ನು 2.7 ಎಂದು ಅಳೆದರೂ ಸಾಕು, ಅದರ ಘನಗಾತ್ರದ ಲೆಕ್ಕ ಶೇಕಡಾ 27ರಷ್ಟು ತಪ್ಪುತ್ತದೆ.

ಗಡ್ಡೆಯ ಅಂಚು ನೋಡಲು ಎಂಆರ್‌ಐ ಮಾಡುತ್ತಾರೆ. ಯಂತ್ರದಲ್ಲಿ ರೋಗಿ ಬೋರಲಾಗಿ ಮಲಗುತ್ತಾಳೆ. ರಕ್ತನಾಳಕ್ಕೆ ಗ್ಯಾಡೋಲಿನಿಯಂ ಇರುವ ಔಷಧ ಕೊಡುವ ಮೊದಲೊಮ್ಮೆ, ಕೊಟ್ಟಮೇಲೆ ಹಲವು ಸಲ ಚಿತ್ರ ತೆಗೆಯುತ್ತಾರೆ. ಕ್ಯಾನ್ಸರ್ ಗಡ್ಡೆ ತನಗಾಗಿ ಬೆಳೆಸಿಕೊಂಡ ರಕ್ತನಾಳಗಳು ಸೋರುವಂಥವು. ಹಾಗಾಗಿ ಅಲ್ಲಿ ಔಷಧ ಮೊದಲೆರಡು ನಿಮಿಷಗಳಲ್ಲೇ ತುಂಬಿ ಬೆಳಗುತ್ತದೆ, ಅನೇಕ ಸಲ ಅಷ್ಟೇ ಬೇಗ ಇಳಿಯುತ್ತದೆ. ಸುತ್ತಲಿನ ಆರೋಗ್ಯವಂತ ಅಂಗಾಂಶ ನಿಧಾನವಾಗಿ ಬೆಳಗುತ್ತದೆ.

ಗಣಕ ಹಿಡಿಯುವುದು ಈ ಏರಿಳಿತವನ್ನೇ. 2006ರಲ್ಲಿ ಶಿಕಾಗೋದ ವೇಜೀ ಚೆನ್, ಮೇರಿಲೆನ್ ಗೈಗರ್ ಮತ್ತು ಸಂಗಡಿಗರ ವಿಧಾನದಲ್ಲಿ ವೈದ್ಯರು ಗಡ್ಡೆಯ ಸುತ್ತ ಒಂದು ಚೌಕ ಗುರುತಿಸಿದರೆ ಆಯಿತು, ಒಳಗಿನ ಪ್ರತಿ ಚುಕ್ಕೆ ಎಷ್ಟರಮಟ್ಟಿಗೆ ಗಡ್ಡೆಗೆ ಸೇರಿದ್ದು ಎಂದು ಗಣಕ ಲೆಕ್ಕ ಹಾಕುತ್ತಿತ್ತು. 2015ರಲ್ಲಿ ಜರ್ಮನಿಯ ಫ್ರೈಬರ್ಗ್‌ನಲ್ಲಿ ಹುಟ್ಟಿದ ಯು-ನೆಟ್ ಎಂಬ ನರಜಾಲ ಮಾದರಿ ಬಂದಮೇಲೆ ದಾರಿಯೇ ಬದಲಾಯಿತು. ತಜ್ಞರು ಕೈಯಾರೆ ಎಳೆದ ಗೆರೆಗಳನ್ನು ನೋಡಿ ನೋಡಿ ಅದು ತಾನೇ ಕಲಿಯುತ್ತದೆ. ಅದು ಎಷ್ಟು ಸರಿಯಾಗಿ ಕಲಿತಿದೆ ಎಂದು ಅಳೆಯುವುದು ಹೀಗೆ: ವೈದ್ಯರ ಗೆರೆಯೊಳಗೆ 10 ಘನ ಸೆಂ.ಮೀ., ಯಂತ್ರದ ಗೆರೆಯೊಳಗೂ 10, ಎರಡಕ್ಕೂ ಸಾಮಾನ್ಯವಾದದ್ದು 9 ಇದ್ದರೆ ಅದಕ್ಕೆ 0.9 ಅಂಕ. ಡೈಸ್ ಅಂಕ ಎನ್ನುವುದು ಇದನ್ನೇ.

ಆದರೆ ಮುಟ್ಟಿನ ಚಕ್ರದ ಕೆಲವು ದಿನಗಳಲ್ಲಿ ಆರೋಗ್ಯವಂತ ಸ್ತನವೂ ಹೆಚ್ಚು ಬೆಳಗುತ್ತದೆ, ಯಂತ್ರ ಅದನ್ನೂ ಗಡ್ಡೆಯೆಂದು ಬಳಸಿ ಗೆರೆ ಎಳೆದೀತು. ಗಡ್ಡೆ ಕ್ಯಾನ್ಸರೋ ಅಲ್ಲವೋ ಎಂದು ತೀರ್ಮಾನಿಸುವುದು ಬಯಾಪ್ಸಿಯೇ ಹೊರತು ಈ ಗೆರೆಯಲ್ಲ.

ನನ್ನನ್ನು ಕಾಡುವುದು ಇನ್ನೊಂದು ಸಂಗತಿ. ಇತ್ತೀಚೆಗೆ ತಜ್ಞರ ಗೆರೆಗಳೊಂದಿಗೆ ಎಲ್ಲರಿಗೂ ತೆರೆದಿಟ್ಟ ಮಾಮಾ-ಮಿಯಾ ಸಂಗ್ರಹದಲ್ಲಿ 1,506 ರೋಗಿಗಳ ಚಿತ್ರಗಳಿವೆ, ಎಲ್ಲವೂ ಅಮೆರಿಕದ ಸಂಗ್ರಹಗಳಿಂದ ಬಂದವು. ಅದರಿಂದ ಕಲಿತ ಯಂತ್ರ ತಡವಾಗಿ ಆಸ್ಪತ್ರೆ ಸೇರಿದ ಔರಾದಿನ ಹೆಂಗಸಿನ ದೊಡ್ಡ ಗಡ್ಡೆಯ ಅಂಚನ್ನು ಸರಿಯಾಗಿ ಹಿಡಿಯುತ್ತದೆಂದು ಸುಮ್ಮನೆ ನಂಬಬಾರದು. ರೋಗಿಯ ಒಪ್ಪಿಗೆ ಪಡೆದು, ಹೆಸರು ಅಳಿಸಿ, ನಮ್ಮ ಭಾಗದ ಚಿತ್ರಗಳ ಮೇಲೆ ಅದನ್ನು ಮೊದಲು ಪರೀಕ್ಷಿಸಬೇಕು. ತಪ್ಪಿದ ಕಡೆ ಇಲ್ಲಿನ ರೇಡಿಯಾಲಜಿಸ್ಟರೇ ಗೆರೆ ತಿದ್ದಬೇಕು.